ಅಳಿಯನಿಗೆ ಇಂಟರ್ವಲ್‌ನಲ್ಲಿ ಸನ್ಮಾನ

ಶಾಲು ಹೊದೆಸುವುದರಲ್ಲಿ ಕಾಂದಿವಲಿಯ ಪೂವಪ್ಪನವರಿಗೆ ಇದ್ದ ಕೈಚಳಕ ಮುಂಬಯಿಯ ಬೇರೆ ಯಾವ ಕನ್ನಡಿಗನಿಗೂ ಇರಲಿಲ್ಲ. ಸನ್ಮಾನಿತರು ‘ಇದೆಲ್ಲ ಯಾಕೆ’ ಎಂದು ನಾಚುವಷ್ಟರಲ್ಲಿ ಶಾಲು ಹೆಗಲ ಮೇಲೆ, ಪೇಟ ತಲೆಯ ಮೇಲೆ, ಹಣ್ಣಿನ ತಟ್ಟೆ ಕೈಯಲ್ಲಿ, ಪೂವಪ್ಪನವರ ಮುಖ ಕ್ಯಾಮೆರಾದ ಕಡೆಗೆ. ಕರಾವಳಿ ಸ್ನೇಹಕೂಟದ ಗೌರವ ಸಾಂಸ್ಕೃತಿಕ ಕಾರ್ಯದರ್ಶಿಯಾಗಿ ಅವರು ಹೊದೆಸಿದ ಶಾಲುಗಳನ್ನು ಗಂಟು ಹಾಕುತ್ತ ಹೋದರೆ ಚರ್ಚ್‌ಗೇಟಿನವರೆಗೂ ಹಳಿಯ ಮೇಲೆ ಹಾಸಬಹುದು ಎಂದು ದೂಜಣ್ಣ ಹೇಳುತ್ತಿದ್ದರು. ದೂಜಣ್ಣನದು ಕೇಟರಿಂಗ್ ವ್ಯವಹಾರ. ಸ್ನೇಹಕೂಟದ ಅಧ್ಯಕ್ಷ ಕುರ್ಚಿಗೆ ಈ ಸಲ ಪೂವಪ್ಪನವರ ಎದುರು ನಿಂತವರೂ ಅವರೇ.

ಹಗಲಿನಲ್ಲಿ ಪೂವಪ್ಪನವರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಹುಡುಗನಾಗಿ ಬಂದು, ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ತಲುಪಿದವರು. ಕುರ್ಚಿ ಸಿಕ್ಕ ವಾರವೇ ಮೀಸೆ ಬಿಟ್ಟರು. ಅಲ್ಲಿಯವರೆಗೆ ಬಿಡುವ ಹಾಗಿರಲಿಲ್ಲ. ಹೋಟೆಲ್ ಕೆಲಸಗಾರರ ಯಕ್ಷಗಾನ ತಂಡದಲ್ಲಿ ಅವರದು ಸ್ತ್ರೀವೇಷ. ಎಡಗೈ ಸೊಂಟಕ್ಕಿಟ್ಟು, ಹೆಗಲನ್ನು ಒಂದಿಷ್ಟು ಓರೆ ಮಾಡಿ, ಮೂರು ಹೆಜ್ಜೆ ನಡೆದು, ಸೆರಗು ಸರಿಪಡಿಸುವ ನೆಪದಲ್ಲಿ ಹಿಂತಿರುಗಿ ನೋಡಿದರೆ ಸಭೆಯ ಹಿಂದಿನ ಸಾಲಿನಿಂದ ಶಿಳ್ಳೆ ಬೀಳುತ್ತಿತ್ತು. ಮೀಸೆ ಬಂದ ಮೇಲೆ ಆ ಸುದ್ದಿಯೇ ಇಲ್ಲ. ಯಾರಾದರೂ ನೆನಪಿಸಿದರೆ “ನಾನು ಕಲಾಕ್ಷೇತ್ರದಲ್ಲಿದ್ದವ” ಎಂದು ಚುಟುಕಾಗಿ ಮುಗಿಸುತ್ತಿದ್ದರು.

ಆ ನಡಿಗೆಗೆ ಆಮೇಲೆ ಉಳಿದ ಪ್ರೇಕ್ಷಕ ಒಬ್ಬನೇ: ಅಕ್ಕನ ಮಗ ಸಂದೀಪ. ಇವರ ಮನೆಯಲ್ಲೇ ಬೆಳೆದ ಹುಡುಗ ಊಟಕ್ಕೆ ಹಟ ಹಿಡಿದರೆ ಪೂವಪ್ಪನವರು ಹೆಗಲ ಮೇಲಿನ ಬೈರಾಸನ್ನು ಸೆರಗು ಮಾಡಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ನಡೆದು ತೋರಿಸುತ್ತಿದ್ದರು. ಅವನೂ ಹಿಂದೆ ಹಾಗೆಯೇ ನಡೆಯುತ್ತ, ತುತ್ತು ನುಂಗುತ್ತ ದೊಡ್ಡವನಾದ. ಈಗ ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲಿ ಫೈಟರ್. ನಟರ ಬದಲಿಗೆ ಬೀಳುವುದು, ಹಾರುವುದು, ಗಾಜು ಒಡೆದುಕೊಂಡು ಹೊರಬರುವುದು ಅವನ ಕಸುಬು.

ಒಂದು ದಿನ ಅವನ ಫೋನ್ ಬಂತು. “ಮಾಮ, ಈ ಪಿಕ್ಚರ್‌ನಲ್ಲಿ ಕ್ಲೈಮ್ಯಾಕ್ಸ್ ಪೂರಾ ನನ್ನದೇ. ಲೇಕಿನ್ ಒಂದು ಮಾತು…”

ಆ ಮಾತಿಗೆ ಕಾಯುವಷ್ಟು ವ್ಯವಧಾನ ಗೌರವ ಕಾರ್ಯದರ್ಶಿಗಳಿಗೆ ಇರಲಿಲ್ಲ. ಫೋನಿಟ್ಟು ಸ್ನೇಹಕೂಟದ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು. ಬೆಳಿಗ್ಗೆ ಸಂದೀಪ ಖಳನಾಯಕನ ಬಲಗೈಯಾಗಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಬಡ್ತಿ ಸಿಕ್ಕಿ ಉಪ ಖಳನಾಯಕನಾದ. ಸಂಜೆ ಕರಪತ್ರ ಅಚ್ಚಾಗುವಾಗ ‘ಮುಖ್ಯ ಖಳನಾಯಕ, ನಮ್ಮ ಹೆಮ್ಮೆಯ ಸಂದೀಪ್’. ಮೊದಲ ಶೋಗೆ ಇಡೀ ಸ್ನೇಹಕೂಟ, ಇಂಟರ್ವಲ್‌ನಲ್ಲಿ ಸನ್ಮಾನ, ಮುಂದಿನ ಭಾನುವಾರ ಅಧ್ಯಕ್ಷರ ಆಯ್ಕೆ. ಖಳನಾಯಕನ ಮಾವನನ್ನು ಸೋಲಿಸುವ ಧೈರ್ಯ ಯಾರಿಗುಂಟು ಎಂಬುದು ಪೂವಪ್ಪನವರ ಲೆಕ್ಕ.

“ಇಂಟರ್ವಲ್‌ನಲ್ಲಿ ಯಾಕೆ? ಪಿಕ್ಚರ್ ಮುಗಿಲಿ, ಆಮೇಲೆ ಮಾಡಿ,” ಎಂದರು ಹೆಂಡತಿ ಸೇವಂತಿ.

“ನಮ್ಮಲ್ಲಿ ಸನ್ಮಾನ ಯಾವಾಗ ಮಾಡುದು? ಆಟದ ನಡುವೆ. ಮುಗಿದ ಮೇಲೆ ಜನ ನಿಲ್ತಾರಾ? ರಿಕ್ಷಾ ಹಿಡಿಲಿಕ್ಕೆ ಓಡ್ತಾರೆ.”

ಮಾತು ಸುಳ್ಳಲ್ಲ. ಮುಂಬಯಿಯ ಕನ್ನಡಿಗರು ನಾಟಕವಿರಲಿ ಯಕ್ಷಗಾನವಿರಲಿ, ಕಥೆಯನ್ನು ಅರ್ಧಕ್ಕೆ ನಿಲ್ಲಿಸಿಯೇ ಶಾಲು ಹೊದೆಸುವುದು. ರಾಕ್ಷಸ ಸಾಯಲು ತಯಾರಾಗಿ ಪರದೆಯ ಹಿಂದೆ ಕಾದಿರುತ್ತಾನೆ. ಮುಂದೆ ಬಿಲ್ಡರ್ ಒಬ್ಬರ ಸಮಾಜಸೇವೆಯ ಪರಿಚಯ ನಡೆದಿರುತ್ತದೆ.

ಶುಕ್ರವಾರ ಬೆಳಿಗ್ಗೆ ಕಾಂದಿವಲಿಯ ಮಲ್ಟಿಪ್ಲೆಕ್ಸಿನ ಬಾಗಿಲಲ್ಲಿ ಮೊದಲ ವಿಘ್ನ. ಹಣ್ಣಿನ ತಟ್ಟೆಯನ್ನು ಸೆಕ್ಯುರಿಟಿಯವನು ತಡೆದ. “ಅಂಕಲ್, ಬಾಹರ್ ಕಾ ಖಾನಾ ಅಲೌಡ್ ನಹೀಂ.”

“ಅರೆ ಭಾಯ್, ಯೇ ಖಾನಾ ನಹೀಂ. ಸನ್ಮಾನ್ ಹೈ.”

“ಸನ್ಮಾನ್ ಮೇಂ ಕೇಲಾ ಹೈ, ಅಂಕಲ್.”

ಬಾಳೆಹಣ್ಣು, ಸೇಬು, ತೆಂಗಿನಕಾಯಿ ಬಾಗಿಲಲ್ಲೇ ಉಳಿದವು. ಶಾಲು, ಪೇಟ ಒಳಗೆ ಬಂದವು.

ಸಿನಿಮಾ ಶುರುವಾಯಿತು. ಒಂದು ಅವಿಭಕ್ತ ಕುಟುಂಬ, ಕಾಣೆಯಾದ ವಜ್ರ, ಒಂದು ಮದುವೆ, ಒಬ್ಬ ತಾಯಿ. ಅವಳ ಮೂವರು ಗಂಡುಮಕ್ಕಳು ಸರದಿಯ ಮೇಲೆ ಹೊಡೆದಾಡುತ್ತಾರೆ, ಸರದಿಯ ಮೇಲೆ ಅಳುತ್ತಾರೆ. ಜನ ನಗುತ್ತಿದ್ದರು. ಪೂವಪ್ಪನವರು ನಗಲಿಲ್ಲ, ಗೂಂಡಾಗಳ ಮುಖ ಒಂದೊಂದನ್ನೇ ತಪಾಸಣೆ ಮಾಡುತ್ತಿದ್ದರು. ಇಂಟರ್ವಲ್‌ವರೆಗೆ ಪರದೆಯ ಮೇಲೆ ಅಳಿಯನ ಸುಳಿವಿಲ್ಲ. ಪಕ್ಕದಲ್ಲಿ ಕೂತಿದ್ದ ಸಂದೀಪ ನಡುನಡುವೆ “ಮಾಮ, ಸುನೋ ನಾ” ಎಂದಾಗಲೆಲ್ಲ “ಆಮೇಲೆ ಹೇಳು, ಭಾಷಣದಲ್ಲಿ ಸೇರಿಸುವಾ” ಎಂಬ ಉತ್ತರ ಬಂತು.

ದೀಪ ಹತ್ತಿದ್ದೇ ಪೂವಪ್ಪನವರು ಅಳಿಯನ ರಟ್ಟೆ ಹಿಡಿದು ಪರದೆಯ ಮುಂದೆ ನಿಲ್ಲಿಸಿದರು. ಶಾಲು, ಪೇಟ. ಹಣ್ಣಿನ ತಟ್ಟೆಯ ಬದಲು ದೊಡ್ಡ ಪಾಪ್‌ಕಾರ್ನ್ ಡಬ್ಬ. ಟಾಯ್ಲೆಟ್ಟಿಗೆಂದು ಎದ್ದ ಗುಜರಾತಿ ಕುಟುಂಬವೊಂದು, ಇವನು ಯಾರೋ ದೊಡ್ಡ ನಟನಿರಬೇಕೆಂದು ಸೆಲ್ಫಿ ತೆಗೆದುಕೊಂಡಿತು. ‘ಖಳತನದಲ್ಲಿ ಕರಾವಳಿಯ ಕೀರ್ತಿ’ ಎಂದು ಶುರುವಾದ ಪೂವಪ್ಪನವರ ಭಾಷಣವನ್ನು ಜಾಹೀರಾತೊಂದು ನುಂಗಿತು.

ಉತ್ತರಾರ್ಧದಲ್ಲಿ ಮದುವೆಮನೆಗೆ ಗೂಂಡಾಗಳು ನುಗ್ಗಿದರು. ಮೂವರು ಮಕ್ಕಳನ್ನೂ ಕಟ್ಟಿಹಾಕಲಾಯಿತು. ಆಗ ತಾಯಿ ರೇಷ್ಮೆ ಸೀರೆಯನ್ನು ಎತ್ತಿ ಕಟ್ಟಿ ಮಹಡಿಯಿಂದ ನೆಗೆದಳು. ಒಬ್ಬನನ್ನು ಜಿಲೇಬಿಯ ಬಾಣಲೆಗೆ, ಇನ್ನೊಬ್ಬನನ್ನು ಬ್ಯಾಂಡಿನ ಡೋಲಿನೊಳಕ್ಕೆ ಎಸೆದಳು. ಸಭಾಂಗಣ ಎದ್ದು ಕೂಗಿತು.

“ಇದೆಂಥ ಕರ್ಮ ಮಾರಾಯ್ತಿ,” ಎಂದರು ಪೂವಪ್ಪನವರು, ನಾಲ್ಕು ಸಾಲಿಗೆ ಕೇಳುವಂತೆ. “ಈ ಪ್ರಾಯದ ಹೆಂಗಸು ಹೀಗೆ ಹಾರುದಾ? ಸಂಸ್ಕಾರ ಬೇಡ್ವಾ? ನಮ್ಮವ ಎಲ್ಲಿ?”

“ನೋಡ್ತಾ ಇದ್ದೀರಲ್ಲ,” ಎಂದರು ಸೇವಂತಿ.

“ಎಲ್ಲಿ? ಬಾಣಲೆಯಲ್ಲಿದ್ದವನಾ?”

“ಸೀರೆಯಲ್ಲಿ.”

ಅಷ್ಟರಲ್ಲಿ ಪರದೆಯ ಮೇಲೆ ತಾಯಿ, ಉರಿಯುತ್ತಿದ್ದ ವ್ಯಾನಿಗೆ ಬೆನ್ನು ಹಾಕಿದ್ದಳು. ಎಡಗೈ ಸೊಂಟದ ಮೇಲೆ, ಹೆಗಲು ಓರೆ. ಮೂರು ಹೆಜ್ಜೆ. ಸೆರಗು ಸರಿಪಡಿಸಿ ಹಿಂತಿರುಗುವ ಹೊತ್ತಿಗೆ ಚಿತ್ರ ಬದಲಾಗಿ ನಟಿಯ ಮುಖ ಬಂತು. ಶಿಳ್ಳೆ ಮಾತ್ರ ಅದಕ್ಕೆ ಮೊದಲೇ ಬಿದ್ದಿತ್ತು, ನಡಿಗೆಗೇ ಬಿದ್ದಿತ್ತು. ಪೂವಪ್ಪನವರು ಅಳಿಯನ ಕಡೆ ತಿರುಗಿದರು. ಪಕ್ಕದ ಸೀಟಿನಲ್ಲಿ ಮುಖ್ಯ ಖಳನಾಯಕ ಪೇಟದೊಳಗೆ ತಲೆ ತಗ್ಗಿಸಿ ಪಾಪ್‌ಕಾರ್ನ್ ಮೆಲ್ಲುತ್ತಿದ್ದ.

ಹೊರಗೆ ದೂಜಣ್ಣ ಕಾದಿದ್ದರು, ಹಿಂದೆ ಸ್ನೇಹಕೂಟದ ಸದಸ್ಯರು. “ಪೂವಪ್ಪಣ್ಣ, ಖಳನಾಯಕ ಯಾವಾಗ ಬಂದು ಹೋದ? ನಾನು ಬಗ್ಗಿ ಚಪ್ಪಲಿ ಹುಡುಕುವಾಗಲಾ?”

ಸಂದೀಪ ಮಾವನ ಕಿವಿಯಲ್ಲಿ ಪಿಸುಗುಟ್ಟಿದ. “ಸೀನ್ ಕಟ್ ಆಯ್ತು ಅಂತ ಬೋಲ್ ದೋ ಮಾಮ. ಎಲ್ಲರೂ ಅದೇ ಹೇಳುದು. ಬಚಾವ್ ಆಗ್ತೀರಿ.”

ಒಳ್ಳೆಯ ಉಪಾಯ. ಎಡಿಟರನನ್ನು ಬೈದು, ‘ಕನ್ನಡಿಗನಿಗೆ ಅನ್ಯಾಯ’ ಎಂದು ಖಂಡನಾ ಠರಾವು ಮಾಡಿ, ಅದೇ ಬಿಸಿಯಲ್ಲಿ ಅಧ್ಯಕ್ಷರೂ ಆಗಿಬಿಡಬಹುದಿತ್ತು. ಪೂವಪ್ಪನವರು ಮೀಸೆ ನೀವಿ ಗಂಟಲು ಸರಿಮಾಡಿಕೊಂಡರು.

ಅಲ್ಲೇ ಸೋನಾಲಿ ಎಂಬ ಯೂಟ್ಯೂಬ್ ಹುಡುಗಿ ಮೈಕ್ ಹಿಡಿದು ಜನರನ್ನು ‘ಪಿಕ್ಚರ್ ಕೈಸೀ ಲಗೀ’ ಎಂದು ಕೇಳುತ್ತಿದ್ದಳು. ಕಥೆ ಯಾರಿಗೂ ನೆನಪಿರಲಿಲ್ಲ, ನಡಿಗೆ ನೆನಪಿತ್ತು. ಕಾಲೇಜು ಹುಡುಗ ಹೇಳಿದ, “ಮಾ ಕೀ ಚಾಲ್!” ಅಜ್ಜಿಯೊಬ್ಬಳು ಹೇಳಿದಳು, ಆ ತಾಯಿ ನಡೆದದ್ದೇ ಸಾಕು, ಟಿಕೆಟಿನ ದುಡ್ಡು ಬಂತು. ಆ ಗುಜರಾತಿ ಕುಟುಂಬದ ಯಜಮಾನ, ಇಂಥ ನಡಿಗೆ ಹುಟ್ಟಿನಿಂದಲೇ ಬರಬೇಕು, ಆ ನಟಿ ದೊಡ್ಡ ಮನೆತನದವಳು ಎಂದು ವಿವರಿಸಿದ.

ಪೂವಪ್ಪನವರಿಗೆ ತಡೆಯಲಾಗಲಿಲ್ಲ. ಅಧ್ಯಕ್ಷಗಿರಿ ಹೋದರೆ ಹೋಗಲಿ, ತನ್ನ ಅಡುಗೆಮನೆಯಲ್ಲಿ ಹುಟ್ಟಿದ ನಡಿಗೆ ಇನ್ನೊಬ್ಬರ ಮನೆತನಕ್ಕೆ ಹೋಗುವುದೆಂದರೇನು? ಹೋಗಿ, ಅಳಿಯನತ್ತ ಬೆರಳು ತೋರಿಸಿ, ಮೈಕಿಗೇ ಬಾಯಿ ಹಾಕಿದರು. “ವೋ ಔರತ್ ನಹೀಂ. ವೋ ಮೇರಾ ಭಾಂಜಾ ಹೈ. ಔರ್ ವೋ ಚಾಲ್ ಮೇರೀ ಹೈ.”

ಸೋನಾಲಿ ನಕ್ಕಳು. ದೂಜಣ್ಣ ಹೊಟ್ಟೆ ಹಿಡಿದುಕೊಂಡರು. “ಪೂವಪ್ಪಣ್ಣ, ಸೋಲಿನ ಹೆದರಿಕೆಗೆ ತಲೆ ಹೋಯ್ತಾ?”

ಪೂವಪ್ಪನವರು ಅಳಿಯನ ಹೆಗಲಿನಿಂದ ಸನ್ಮಾನದ ಶಾಲನ್ನು ಎಳೆದು ಸೆರಗು ಮಾಡಿಕೊಂಡರು. ಎಡಗೈ ಸೊಂಟಕ್ಕೆ ಹೋಯಿತು. ಹೊಟ್ಟೆ ಮೊದಲಿನದಲ್ಲ, ಮಂಡಿ ಸದ್ದು ಮಾಡಿತು, ಮೀಸೆ ಇದ್ದಲ್ಲೇ ಇತ್ತು. ಆದರೆ ಮೂರು ಹೆಜ್ಜೆ ನಡೆದು, ಸೆರಗು ಸರಿಪಡಿಸಿ ಹಿಂತಿರುಗಿ ನೋಡಿದಾಗ ದೂಜಣ್ಣನ ನಗು ನಿಂತಿತು. ಅವರೇ ಹಿಂದೊಮ್ಮೆ ಅದೇ ನಡಿಗೆಗೆ ಹಿಂದಿನ ಸಾಲಿನಿಂದ ಶಿಳ್ಳೆ ಹೊಡೆದವರು. ಈಗಲೂ ಬೆರಳು ತಾನಾಗಿ ಬಾಯಿಗೆ ಹೋಯಿತು. ಪೇಟ ತೊಟ್ಟ ಸಂದೀಪನೂ ಮಾವನ ಹಿಂದೆ ಹೆಜ್ಜೆ ಹಾಕಿದ, ಅಡುಗೆಮನೆಯಲ್ಲಿ ಹಾಕುತ್ತಿದ್ದ ಹಾಗೆಯೇ.

ಭಾನುವಾರ ಅಧ್ಯಕ್ಷ ಕುರ್ಚಿ ದೂಜಣ್ಣನಿಗೆ ಹೋಯಿತು. ಅಚ್ಚು ಹಾಕಿಸಿದ ಖಳನಾಯಕನ ಕರಪತ್ರವನ್ನು ಸದಸ್ಯರು ಮರೆತಿರಲಿಲ್ಲ. ಹೊಸ ಅಧ್ಯಕ್ಷರ ಮೊದಲ ಘೋಷಣೆ: ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ರಾಣಿಯ ವೇಷ ಪೂವಪ್ಪಣ್ಣನದು, ಮೀಸೆ ತೆಗೆಯತಕ್ಕದ್ದು.

ಕ್ಷೌರದಂಗಡಿಯ ಕನ್ನಡಿಯೆದುರು, ಅರ್ಧ ಮೀಸೆ ಹೋಗಿ ಅರ್ಧ ಉಳಿದ ಹೊತ್ತಿನಲ್ಲಿ ಪೂವಪ್ಪನವರು ಸೋನಾಲಿಯ ವಿಡಿಯೋವನ್ನು ಮತ್ತೊಮ್ಮೆ ನೋಡಿದರು. ಊರಿಗೆ ಊರೇ ನೋಡಿದ ವಿಡಿಯೋ. ಕೆಳಗೆ ‘ಕ್ರೇಜಿ ಅಂಕಲ್’ ಎಂದಿತ್ತು.

“ನೋಡು,” ಎಂದರು ಪಕ್ಕದಲ್ಲಿದ್ದ ಸಂದೀಪನಿಗೆ, ಬೇಸರದಿಂದ. “ಗೌರವ ಸಾಂಸ್ಕೃತಿಕ ಕಾರ್ಯದರ್ಶಿ ಅಂತ ಹಾಕಲೇ ಇಲ್ಲ.”