ಸರಪಳಿ ಬಿಚ್ಚಿದಾಗ ಕಂಡದ್ದು

ಜಯಕ್ಕ, ನಾಯಿಯ ಬಾಯಿಗೆ ನೀವಾಗಿ ಕೈ ಹಾಕಲಿಲ್ಲ. ನಾನು ಸುಳ್ಳು ಹೇಳಿದೆ.

ಬಂಡೀಪುರದ ರಸ್ತೆಯಲ್ಲಿ ರಾತ್ರಿಯೂ ಲಾರಿಗಳು ಓಡುತ್ತಿದ್ದ ಕಾಲ ಅದು. ನಿಮ್ಮ ಯಜಮಾನರು ಮಾದಣ್ಣ ಹಂದಿ ಕಾಟಕ್ಕೆಂದು ತಮಿಳುನಾಡಿನಿಂದ ರಾಜಪಾಳ್ಯಂ ಗಂಡು ನಾಯಿ ತಂದರು. ಹೆಸರು ವೀರ. ಪರೀಕ್ಷೆಗೆ ಕರೆದದ್ದು ನನ್ನನ್ನು. ಡಿಗ್ರಿ ಓದಿದವನು, ಅದೇ ಜಾತಿಯ ಹೆಣ್ಣು ನಾಯಿ ಸಾಕಿದವನು — ಬೇಗೂರಿನ ಸುತ್ತ ಕಾವಲು ನಾಯಿಯ ವಿಷಯದಲ್ಲಿ ನನ್ನ ಮಾತೇ ನಡೆಯುತ್ತಿತ್ತು. ನಮ್ಮ ಕಡೆ ಪರೀಕ್ಷೆ ಎಂದರೆ, ಯಜಮಾನ ಸರಪಳಿ ಹಿಡಿದು ನಿಲ್ಲುತ್ತಾನೆ, ಹೊರಗಿನವನೊಬ್ಬ ಕೈಗೆ ಗೋಣಿಚೀಲ ಸುತ್ತಿಕೊಂಡು ಕೋಲು ಬೀಸುತ್ತ ಬರುತ್ತಾನೆ. ವೀರ ಸರಪಳಿ ಹರಿಯುವಂತೆ ಎಗರಿತು.

"ಹುಲಿ ಕಣ್ಲಾ ಇದು! ನನ್ ಹೆಂಡ್ರುನ್ನೂ ಒಳಿಕ್ ಬುಡಾಕಿಲ್ಲ" ಎಂದು ಮಾದಣ್ಣ ನಕ್ಕರು.

"ಒಳ್ಳೇದಾಯ್ತು ಬುಡಿ, ನಿಮ್ ಮುದ್ದೆ ನೀವೇ ತೊಳಸ್ಕಳಿ" ಎಂದಿರಿ ನೀವು.

ಆದರೆ ನಾಯಿ ಸರಪಳಿ ಹಿಡಿದವನ ಧೈರ್ಯದಿಂದಲೂ ಬೊಗಳುತ್ತದೆ. ಅದು ನನಗೆ ಗೊತ್ತಿತ್ತು. ಮಾರನೆಯ ದಿನ ಯಾರೂ ಇಲ್ಲದಾಗ ಬಿಚ್ಚಿ ನೋಡಿದೆ. ವೀರ ಬಾಲ ಮುದುರಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು, ನಾನು ಬೆನ್ನು ತಿರುಗಿಸಿದ್ದೇ ತಡ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಹೆದರಿದ ನಾಯಿ ಯಾರನ್ನು ಬೇಕಾದರೂ ಕಚ್ಚುತ್ತದೆ. ಹರಿದ ಪ್ಯಾಂಟಿಗೆ ಬೇಲಿಯ ಮುಳ್ಳಿನ ನೆಪ ಹೇಳಿದೆ. ನನ್ನ ಹೆಣ್ಣು ನಾಯಿ ಆಗಲೇ ವೀರನಿಂದ ಗಬ್ಬವಾಗಿತ್ತು. ಮರಿ ಬೇಕೆಂದು ಕಾಡಂಚಿನ ಊರುಗಳವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಮರ್ಯಾದೆ ಹೋದೀತೆಂದು ಮಾದಣ್ಣನಿಗೆ "ಧೈರ್ಯವಾಗಿ ಬಿಚ್ಚಿ ಬಿಡಿ" ಎಂದುಬಿಟ್ಟೆ.

ನೀವು ಅರಿಸಿನದ ಹೊಲಕ್ಕೆ ಬುತ್ತಿ ತಂದ ಆ ಮಧ್ಯಾಹ್ನ ಈಗಲೂ ಕಣ್ಣ ಮುಂದಿದೆ. ನಾನು ಬದುವಿನ ಮೇಲಿದ್ದೆ. ಸಾಲಿನೊಳಗಿಂದ ಕಾಡುಹಂದಿ ನುಗ್ಗಿತು. ವೀರ ಅದರ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಿಮ್ಮ ಸೀರೆಯ ಹಿಂದೆ ಅವಿತುಕೊಂಡಿತು. ನೀವು ಕಿರುಚಿ ತಿರುಗಿದಿರಿ — ನಿಮ್ಮ ಬಲಗೈ ವೀರನ ಬಾಯಲ್ಲಿತ್ತು. ಹಂದಿ ಅಷ್ಟರಲ್ಲಿ ತನ್ನ ಪಾಡಿಗೆ ಹೋಗಿಬಿಟ್ಟಿತ್ತು.

ಓಡಿಬಂದ ಮಾದಣ್ಣನಿಗೆ ಮೊದಲು ಹೇಳಿದವನು ನಾನು: "ನಾಯಿ ಹಂದಿ ಮೇಲೆ ಎಗರ್ತಿತ್ತು ಕಣಣ್ಣ, ಅಕ್ಕ ನಡುವೆ ಕೈ ಹಾಕ್ಬುಟ್ರು."

ಅವರು ಅಷ್ಟಕ್ಕೆ ಬಿಡಲಿಲ್ಲ. "ಇವ್ಳೇ ಏನೋ ಮಾಡವ್ಳೆ, ನಾಯಿ ಸುಮ್ಸುಮ್ಕೆ ಕಚ್ಚಾಕಿಲ್ಲ" ಎಂದು ಊರಿಗೆಲ್ಲ ಹೇಳಿದರು. ನಾಯಿ ಅಂಗಳದಲ್ಲೇ ಉಳಿಯಿತು. ನಿಮ್ಮದೇ ಮನೆಗೆ ನೀವು ಹಿತ್ತಿಲ ಬಾಗಿಲಿನಿಂದ ಓಡಾಡಿದಿರಿ. ಅದು ಸತ್ತು ಇಷ್ಟು ಕಾಲವಾದರೂ ಆ ಅಭ್ಯಾಸ ಹೋಗಿಲ್ಲ.

ನಾನು ಬಂದಾಗಲೆಲ್ಲ, ಮಡಚಲಾಗದ ಆ ಬೆರಳುಗಳಲ್ಲಿ ಕಾಫಿ ಲೋಟ ಕೊಟ್ಟು ನನ್ನ ಮುಖವನ್ನೇ ಒಂದು ಗಳಿಗೆ ಹೆಚ್ಚು ನೋಡುತ್ತೀರಿ. ನಿಮಗೆ ನಿಜ ಗೊತ್ತೇ? "ನೀನೂ ಅಲ್ಲೇ ಇದ್ದಲ್ಲಪ್ಪ ಅವತ್ತು?" ಎಂದು ಒಮ್ಮೆ ಕೇಳಿದಿರಿ. ಸುಮ್ಮನೆ ಕೇಳಿದಿರೋ, ನನ್ನನ್ನು ಪರೀಕ್ಷಿಸಿದಿರೋ, ತಿಳಿಯಲಿಲ್ಲ. ನಾನು ಬಾಯಿ ಬಿಡುವ ಮೊದಲೇ ನೀವು ಹೇಳಿದಿರಿ: "ನಾನೇ ಕೈ ಆಕ್ಬುಟ್ಟೆ ಅನ್ಸುತ್ತೆ. ಗ್ಯಾನ ಇಲ್ಲ."

ನಾನು ಹೌದೆಂದು ತಲೆಯಾಡಿಸಿದೆ.

ಸೋಮವಾರ ಬರುತ್ತೇನೆ, ಮಾದಣ್ಣ ಮನೆಯಲ್ಲಿರುವ ಹೊತ್ತಿಗೆ. ಬೀದಿಗೂ ಕೇಳುವಂತೆ ಮುಂಬಾಗಿಲಲ್ಲಿ ನಿಂತೇ ಹೇಳುತ್ತೇನೆ. ಅವತ್ತು ನೀವು ಹಿತ್ತಿಲಿಗೆ ಹೋಗಬೇಡಿ, ಜಯಕ್ಕ.