ಗಣಿಗುಂಡಿಯಲ್ಲಿ ಹಾಲು ಕುಡಿದ ನೆಲ

ಒಣಗಿದ ತೆಂಗಿನ ಗರಿಯ ಮೇಲೆ ಯಾರೋ ರಾಗಿ ಚೆಲ್ಲಿದಂಥ ಸದ್ದು. ಬಂದದ್ದು ನೆಲದ ಒಳಗಿನಿಂದ. ಎಪ್ಪತ್ತರ ದಶಕದ ಕೊನೆಯಲ್ಲಿ ಕೇಳಿದ್ದು, ಇನ್ನೂ ಕಿವಿಯಲ್ಲಿದೆ. ಇಂಥದ್ದನ್ನೆಲ್ಲ ನಂಬುವವಳಾಗಿರಲಿಲ್ಲ ನಾನು. ಕಾನ್ವೆಂಟಿನಲ್ಲಿ ಓದಿದವಳು, ಯಾರು ಏನು ಹೇಳಿದರೂ 'ನಾನ್‌ಸೆನ್ಸ್' ಎಂದು ನಕ್ಕುಬಿಡುತ್ತಿದ್ದೆ.

ಕಂದಿಕೆರೆ ಕಡೆಯ ನಮ್ಮ ಹೊಲವೊಂದನ್ನು ಅದಿರು ತೆಗೆಯಲು ಗುತ್ತಿಗೆಗೆ ಕೊಟ್ಟಿದ್ದೆವು. ಅಗೆದು ಹಿಂದಕ್ಕೆ ಕೊಟ್ಟಾಗ ಉಳಿದದ್ದು ಎರಡಾಳು ಆಳದ ಕೆಂಪು ಗುಂಡಿ. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಯಜಮಾನರ ಸೋದರತ್ತೆ ಪುಟ್ಟತ್ತೆ ನಮ್ಮ ಜೊತೆಯಲ್ಲೇ ಇದ್ದರು. ಚಿಕ್ಕಂದಿನಿಂದ ನಾಗರಪಂಚಮಿಗೆ ಅವರು ತನಿ ಎರೆದ ಹುತ್ತ ಆ ಹೊಲದಲ್ಲಿತ್ತು. ಅದೂ ಲಾರಿ ಹತ್ತಿ ಹೋಗಿತ್ತು.

ಆದರೂ ಪ್ರತಿ ಪಂಚಮಿಗೆ ಚೊಂಬಿನಲ್ಲಿ ಹಾಲು ಹಿಡಿದು ಗುಂಡಿಗೆ ಇಳಿಯುವರು.

"ಅತ್ತೆ, ಹುತ್ತ ಇದ್ದ ಜಾಗ ಈಗ ಗಾಳೀಲೈತೆ. ಏಣಿ ಹಾಕ್ಕೊಡ್ಲಾ?" ಎಂದು ಯಜಮಾನರ ಕೀಟಲೆ.

"ಸುಮ್ಕಿರ್ಲಾ. ನಿನ್ನ ಎತ್ತಾಡ್ಸಿದ ಕೈಗೆ ಈ ಚೊಂಬು ಭಾರವಾ?"

ಎರೆದ ಹಾಲು ಮಾತ್ರ ಆ ಗಟ್ಟಿ ನೆಲದ ಮೇಲೆ ನಿಲ್ಲದೆ ಹರಿದುಹೋಗುತ್ತಿತ್ತು.

ಅಲ್ಲಿ ದನ ಮೇಯಿಸಲು, ಮಣ್ಣು ಕೆದಕಲು ಅವರು ಯಾರಿಗೂ ಬಿಡಲಿಲ್ಲ. ಮೊದಲ ಮಳೆಗಾಲಕ್ಕೆ ಪಾಚಿ ಬಂತು. ಆಮೇಲೆ ಅಂಚಿನಲ್ಲಿ ತುಂಬೆ ಗಿಡ. ಗಾಳಿಗೆ ಬಂದ ಹೊಂಗೆ ಎಲೆ ಬಿದ್ದಲ್ಲೇ ಕೊಳೆಯಿತು. ನಡುವಿನ ನೆಲ ಮಾತ್ರ ಸಿಮೆಂಟು. ಅಷ್ಟರಲ್ಲಿ ಕಂಟ್ರಾಕ್ಟರು ಮತ್ತೆ ಬಂದ, ಇನ್ನೂ ಆಳಕ್ಕೆ ಅಗೆಯುತ್ತೇನೆಂದ. ಸತ್ತ ನೆಲ ಇಟ್ಟುಕೊಂಡು ಮಾಡುವುದೇನು ಎಂದು ಯಜಮಾನರೂ ಒಪ್ಪಿದಂತೆಯೇ ಇದ್ದರು.

"ಈ ಪಂಚಮಿ ಒಂದು ಕಳೀಲಿ ಕಣಪ್ಪ" ಎಂದರು ಪುಟ್ಟತ್ತೆ. ಅವರ ಮುಖ ನೋಡಲಾಗಲಿಲ್ಲ ನನಗೆ.

ಪಂಚಮಿಯ ಸಂಜೆ ನಾನೂ ಜೊತೆಗಿಳಿದೆ, ಜಸ್ಟ್ ಕಂಪನಿಗೆ. ಹಾಲು ಎರೆದರು. ಹರಿಯಲಿಲ್ಲ. ನೆಲ ಕುಡಿದುಬಿಟ್ಟಿತು. ಬಗ್ಗಿ ಕೈಯಿಟ್ಟರೆ, ಅಂಗೈಯಡಿ ಆ ಸದ್ದು! ಓಡಿಹೋಗಿ ಯಜಮಾನರನ್ನು ಕರೆತಂದೆ. ನೆಲಕ್ಕೆ ಕಿವಿಯಿಟ್ಟವರು ಬಹಳ ಹೊತ್ತು ಏಳಲೇ ಇಲ್ಲ.

"ಕೆಳಗೆ ಯಾರೋ ಅವ್ರೆ ಕಣೇ" ಎಂದರು, ಪಿಸುದನಿಯಲ್ಲಿ.

ಬೆಳಿಗ್ಗೆ ಹಾಲು ಎರೆದಲ್ಲೇ ಬೆರಳುದ್ದದ ಹಸಿ ಹುತ್ತ ಎದ್ದಿತ್ತು. ಹಳೆಯ ಹುತ್ತ ಇದ್ದದ್ದು ಹೊಲದ ಗಡಿಯ ಎರಡು ಬಾಂದುಕಲ್ಲುಗಳ ನಟ್ಟನಡುವೆ. ಯಜಮಾನರು ಕಲ್ಲಿನಿಂದ ಕಲ್ಲಿಗೆ ಗುಂಡಿಯ ಮೇಲೆ ತೆಂಗಿನ ಹಗ್ಗ ಕಟ್ಟಿ, ನಡುವೆ ಗಂಟು ಹಾಕಿ ನೋಡಿದರು. ಹೊಸ ಹುತ್ತ ಆ ಗಂಟಿನ ನೇರ ಕೆಳಗಿತ್ತು. ಕಂಟ್ರಾಕ್ಟರನ್ನು ಅಂದೇ ವಾಪಸ್ ಕಳಿಸಿದರು.

ಗೆದ್ದಲು ಹುತ್ತ ಕಟ್ಟುತ್ತದೆ, ನೆಲ ಸಡಿಲವಾಗುತ್ತದೆ. ಅಷ್ಟು ಬಯಾಲಜಿ ನನಗೂ ಗೊತ್ತು. ಆದರೆ ಅದೇ ಜಾಗ ಏಕೆ, ಅದೇ ಸಂಜೆ ಏಕೆ?

ಪುಟ್ಟತ್ತೆಗೆ ಹಳೆಯ ಜಾಗದ ಗುರುತಿದ್ದು, ವರ್ಷವರ್ಷವೂ ಅಲ್ಲೇ ಎರೆದಿರಬೇಕು ಎಂದುಕೊಂಡಿದ್ದೆ. ಮರುವರ್ಷ ಅವರು ಬಿಳಿಗೆರೆಯ ತಂಗಿಯ ಮನೆಗೆ ಹೊರಟಾಗ, ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ.

"ಗುರುತಾ? ನಂಗೇನ್ ಗೊತ್ತು ಕಣೇ! ಕಾಲು ಸೋತಲ್ಲಿ ನಿಂತು ಎರೀತಿದ್ದೆ, ಒಂದೊಂದ್ ವರ್ಷ ಒಂದೊಂದ್ ಕಡೆ" ಎಂದರು. ನನ್ನ ಪೆಚ್ಚು ಮುಖ ನೋಡಿ ಜೋರಾಗಿ ನಕ್ಕು, ಸೆರಗು ಎತ್ತಿಕಟ್ಟಿ ಬಸ್ಸು ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.