ಚಿಲಕ ಕಿತ್ತ ನಿರ್ದೇಶಕಿ

ದೊಡ್ಡ ಬ್ಯಾಂಕೊಂದರ ಆಡಳಿತ ಮಂಡಳಿಯ ಸಭೆ ಅರ್ಧಕ್ಕೆ ಬಂದಿದ್ದಾಗ ನಮ್ಮ ಚಿಕ್ಕಮ್ಮ ಶೌಚಾಲಯದೊಳಗೆ ಸಿಕ್ಕಿಹಾಕಿಕೊಂಡರು. ನುಣುಪಾದ ಅಮೃತಶಿಲೆ, ಘಮಘಮಿಸುವ ಸೋಪು, ಕಳಪೆ ಚಿಲಕ. ಚಿಕ್ಕಮ್ಮ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಕಿತ್ತು ಪಳಗಿದ ಕೈ. ಆಚೀಚೆ ಒಂದಿಷ್ಟು ಅಲ್ಲಾಡಿಸಿ ಎಳೆದರು. ಚಿಲಕ ಬುಡಸಮೇತ ಕೈಗೆ ಬಂತು. ಬಾಗಿಲು ಮಾತ್ರ ಬಾಯಿ ಬಿಡಲಿಲ್ಲ.

ಹಲ್ಲಿನ ಡಾಕ್ಟರಿಗೆ ಬ್ಯಾಂಕಿನಲ್ಲೇನು ಕೆಲಸ ಎಂದು ಕೇಳಬಹುದು. ಬ್ಯಾಂಕಿನ ಅಧ್ಯಕ್ಷರು ಅವರ ಹಳೆಯ ರೋಗಿ. ಮಂಡಳಿಗೆ ಹೊರಗಿನವರೊಬ್ಬರು ಸ್ವತಂತ್ರ ನಿರ್ದೇಶಕಿಯಾಗಿ ಬೇಕೆಂದಾಗ, ಬಾಯಿತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದ ಅಧ್ಯಕ್ಷರಿಗೆ ಚಿಕ್ಕಮ್ಮನ ಹೆಸರು ಹೊಳೆಯಿತಂತೆ. ಹೊಳೆಯದೆ ಇರುತ್ತದೆಯೇ, ತಲೆಯ ಮೇಲೆ ಅಷ್ಟು ದೊಡ್ಡ ದೀಪವಿತ್ತಲ್ಲ!

"ಸ್ವತಂತ್ರ ನಿರ್ದೇಶಕಿಯಂತೆ! ಇಷ್ಟು ವರ್ಷ ಮನೇಲಿ ಏನಾಗಿದ್ದೆ ಮತ್ತೆ?" ಎಂದು ಚಿಕ್ಕಪ್ಪ ಕಾಲೆಳೆದರು.

"ಮನೇಲಿ ನಾನು ವ್ಯವಸ್ಥಾಪಕ ನಿರ್ದೇಶಕಿ ಕಣ್ರೀ. ನೀವು ಷೇರುದಾರರು. ವರ್ಷಕ್ಕೊಂದ್ಸಲ ಮಾತಾಡಿದ್ರೆ ಸಾಕು."

ಚಿಕ್ಕಮ್ಮನ ಕ್ಲಿನಿಕ್ ಇರುವುದು ಅದೇ ಬ್ಯಾಂಕಿನ ಒಂದು ಪುಟ್ಟ ಶಾಖೆಯ ಮೇಲ್ಮಹಡಿಯಲ್ಲಿ. ಶಾಖೆಯ ಕ್ಯಾಷಿಯರಮ್ಮ ಸಭೆಗೆ ಮುಂಚೆ ಮೆಟ್ಟಿಲು ಹತ್ತಿ ಬಂದಿದ್ದಳು. "ಡಾಕ್ಟ್ರಮ್ಮಾ, ಕೌಂಟರ್ ಮುಚ್ಚಿ ಮಿಷನ್ ಇಡ್ತಾರಂತೆ. ನನ್ನನ್ನ ಎಲ್ಲಿಗೋ ದೂರಕ್ಕೆ ಎತ್ತಿಹಾಕ್ತಾರಂತೆ. ಮಗಳು ಈಗಷ್ಟೇ ಶಾಲೆಗೆ ಸೇರಿದಾಳೆ."

"ನಾನು ಅಲ್ಲಿ ಕೂತಿರೋದು ಯಾತಕ್ಕೆ? ಹೋಗು, ಕೆಲಸ ನೋಡ್ಕೋ."

ಅಂದಿನ ಸಭೆಯ ಮುಂದಿದ್ದುದು 'ಗ್ರಾಹಕ ಸಂಪರ್ಕ ಸರಳೀಕರಣ' ಎಂಬ ಮುದ್ದಾದ ಹೆಸರಿನ ಪ್ರಸ್ತಾವ. ಸಿಪ್ಪೆ ಸುಲಿದು ನೋಡಿದರೆ ಕ್ಯಾಷಿಯರಮ್ಮ ಹೆದರಿದ್ದೇ ಅದರೊಳಗಿತ್ತು. ಅಧ್ಯಕ್ಷರದು ಒಂದು ರೂಢಿ: "ಆಕ್ಷೇಪ ಇಲ್ಲವಲ್ಲ?" ಎಂದು ಕೇಳುವಷ್ಟರಲ್ಲಿ ಪುಟ ತಿರುಗಿಸಿಬಿಡುವುದು. ಕೈ ಎತ್ತುವವರು ಒಪ್ಪಿಗೆಗೇ ಎತ್ತುತ್ತಿದ್ದರು. ಆದರೆ ಆ ದಿನ ಒಬ್ಬರಿಗೆ ಜ್ವರ, ಇನ್ನೊಬ್ಬರು ವಿದೇಶದಲ್ಲಿ. ಉಳಿದವರಲ್ಲಿ ಒಬ್ಬರು ಎದ್ದರೂ ಕೋರಂ ಇಲ್ಲ, ಯಾವ ನಿರ್ಣಯವೂ ಆಗುವಂತಿಲ್ಲ. ಎದ್ದವರು ಚಿಕ್ಕಮ್ಮ, ಬಗಲಲ್ಲಿ ಸಭೆಯ ಕಾಗದಗಳ ದಪ್ಪ ಕಟ್ಟಿನ ಸಮೇತ.

ಹೆಂಗಸರ ಶೌಚಾಲಯದಿಂದ ಗೌರವಯುತ ದೂರದಲ್ಲಿ ನಿಂತು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ಒಳಗಿಂದಲೇ ಒಂದು 'ಹೂಂ' ಅಂದ್ಬಿಡಿ. ಮುಗಿಸಿಬಿಡೋಣ."

ನಿಯಮ ಕಾಯುವ ಕಂಪನಿ ಸೆಕ್ರೆಟರಿ ಅಡ್ಡಬಂದರು. "ಆಗಲ್ಲ ಸರ್. ಸಭೆ ನಡೆಯೋ ಜಾಗ ಇದು ಅಂತ ನೋಟೀಸಿನಲ್ಲಿ ಹಾಕಿಲ್ಲ."

"ಮುಂದಿನ ಸಲದಿಂದ ಹಾಕಮ್ಮಾ, ಗಾಳಿ ಬೆಳಕು ಚೆನ್ನಾಗಿದೆ!" ಎಂದಿತು ಒಳಗಿನ ದನಿ.

ಬಾಗಿಲು ಬಿಚ್ಚಲು ಹೇಳಿಕಳಿಸಿದ್ದ ಬಡಗಿ ಊಟ ಮುಗಿಸಿ ಬರುವ ಹೊತ್ತಿಗೆ ಸಭೆ ಮುಂದಿನ ವಾರಕ್ಕೆ ಹೋಗಿತ್ತು.

ಮುಂದಿನ ವಾರ ಅಧ್ಯಕ್ಷರು ಪುಟ ತಿರುಗಿಸುವ ಮೊದಲೇ ಚಿಕ್ಕಮ್ಮ ಆ ಪುಟದ ಮೇಲೆ ಕೈಯಿಟ್ಟರು. "ಎಕ್ಸ್‌ರೇ ತೆಗೀದೆ ನಾನು ಯಾರ ಹಲ್ಲನ್ನೂ ಕೀಳಲ್ಲ. ಎಲ್ಲರೂ ಒಂದ್ಸಲ ಶಾಖೆಗೆ ಹೋಗಿ ಕೂತು ನೋಡೋಣ."

"ಮೇಡಂ, ಅಂಕಿಅಂಶ ಎಲ್ಲಾ ಕಾಗದದಲ್ಲೇ ಇದೆ" ಎಂದರು ಬ್ಯಾಂಕಿನ ಎಂ.ಡಿ., ಚುರುಕು ಮನುಷ್ಯ.

"ಇದೆಯಪ್ಪಾ. ಜನ ಇಲ್ಲ."

ಇಡೀ ಮಂಡಳಿ ಕ್ಲಿನಿಕ್ಕಿನ ಕೆಳಗಿನ ಶಾಖೆಗೆ ಬಂದಿಳಿಯಿತು. ಎಂ.ಡಿ. ಪರೀಕ್ಷೆಗೆಂದು ಅಲ್ಲಿ ಆಗಲೇ ತಂದಿಟ್ಟಿದ್ದ ಹೊಸ ಯಂತ್ರದ ಮುಂದೆ ನಿಂತು, ಬೆರಳಚ್ಚು ಕೊಡಲು ಮದುಮಗನಂತೆ ಹೆಬ್ಬೆರಳು ಚಾಚಿದರು. 'ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು ಯಂತ್ರ. ಒರೆಸಿಕೊಂಡು ಚಾಚಿದರು. 'ಮತ್ತೊಮ್ಮೆ ಪ್ರಯತ್ನಿಸಿ.' ಪಕ್ಕದ ಬೆಂಚಿನಿಂದ ಅಜ್ಜಿಯೊಬ್ಬರು ಸಮಾಧಾನ ಹೇಳಿದರು: "ಬೇಜಾರು ಮಾಡ್ಕೋಬೇಡ ಮಗಾ, ಅದಕ್ಕೆ ನನ್ನ ಗುರುತೂ ಸಿಗಲ್ಲ. ಆ ಹುಡುಗಿ ಹತ್ರ ಹೋಗು, ಮುಖ ನೋಡಿದ್ರೇ ಗೊತ್ತಾಗುತ್ತೆ ಅವಳಿಗೆ."

ಎಂ.ಡಿ. ಕೌಂಟರಿಗೆ ಹೋದರು. ಅವರು ಯಾರೆಂದು ಗೊತ್ತಿದ್ದೂ ಕ್ಯಾಷಿಯರಮ್ಮ, "ಟೋಕನ್ ತಗೊಂಡು ಕೂತ್ಕೊಳಿ ಸರ್, ಅಜ್ಜಿ ಮೊದಲು ಬಂದಿದಾರೆ" ಎಂದಳು. ಅಧ್ಯಕ್ಷರು ಹಲ್ಲೆಲ್ಲ ಕಾಣುವಂತೆ ನಕ್ಕರು. ಆ ಹಲ್ಲು ಕಟ್ಟಿಕೊಟ್ಟ ಚಿಕ್ಕಮ್ಮನಿಗೂ ಹೆಮ್ಮೆಯಾಗುವಂಥ ನಗು. ಎಂ.ಡಿ.ಯೂ ನಕ್ಕು, ಅಜ್ಜಿಯ ಪಕ್ಕ ಜಾಗ ಮಾಡಿಕೊಂಡು ಕೂತರು. ಪ್ರಸ್ತಾವ ತಿದ್ದಿದವರೂ ಅವರೇ: ಯಂತ್ರ ಇರಲಿ, ಕೌಂಟರೂ ಇರಲಿ, ಯಾರಿಗೂ ವರ್ಗ ಬೇಡ.

ಸುದ್ದಿ ಬ್ಯಾಂಕಿನ ತುಂಬ ಹಬ್ಬಿತು. ಹಬ್ಬುತ್ತ ಉಬ್ಬಿತು. ಡಾಕ್ಟ್ರಮ್ಮ ನೌಕರರಿಗೋಸ್ಕರ ತಾವೇ ಒಳಗೆ ಕೂಡಿಹಾಕಿಕೊಂಡರಂತೆ, ಬಾಗಿಲು ಒಡೆದರೂ ಬರಲೊಲ್ಲೆ ಅಂದರಂತೆ. ಕ್ಯಾಷಿಯರಮ್ಮ ಬಡಗಿಯಿಂದ ಆ ಚಿಲಕ ಸಂಪಾದಿಸಿ, ಕೌಂಟರಿನ ಗಾಜಿನ ಪಕ್ಕ ತೂಗುಹಾಕಿದಳು. ಅದರ ಮರ್ಯಾದೆಗೆ ಶಾಖೆಯಲ್ಲಿ ಎಲ್ಲರಿಗೂ ಚಹಾ. ಚಿಕ್ಕಮ್ಮನೇ ಮುಖ್ಯ ಅತಿಥಿ.

ಚಪ್ಪಾಳೆ ನಿಂತ ಮೇಲೆ ಕ್ಯಾಷಿಯರಮ್ಮ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ನಿಜ ಹೇಳಿ ಡಾಕ್ಟ್ರಮ್ಮಾ, ನಮಗೋಸ್ಕರ ಬೇಕಂತಲೇ ಚಿಲಕ ಕಿತ್ರಿ ಅಲ್ವಾ?"

ಚಿಕ್ಕಮ್ಮ ಲೋಟ ಕೆಳಗಿಟ್ಟರು.

"ಇಲ್ಲ ಕಣೇ. ಆ ಕಾಗದದ ಕಟ್ಟು ನಾನು ಬಿಚ್ಚೇ ಇರಲಿಲ್ಲ. ಮೇಜಿನ ಮೇಲೆ ಬಿಟ್ಟು ಹೋದ್ರೆ ಪಕ್ಕದವರಿಗೆ ಗೊತ್ತಾಗುತ್ತೆ ಅಂತ ಬಗಲಲ್ಲಿಟ್ಕೊಂಡು ಹೋದೆ. ಒಳಗೆ ಮಾಡೋಕೆ ಬೇರೇನೂ ಇರಲಿಲ್ಲ, ಓದಿದೆ. ಚಿಲಕ ಗಟ್ಟಿ ಇದ್ದಿದ್ರೆ ಬಂದು ಕೈ ಎತ್ತಿಬಿಡ್ತಿದ್ದೆ."